ಎದೆಯಿಂದ ನೆತ್ತಿಗೆ

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ನನ್ನ ತಮ್ಮನ ತೋಳುಗಳನ್ನು ಎತ್ತಿ ಇಳಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಕುತ್ತಿಗೆಯಿಂದ ಕೆಳಗೆ ಅವನಿಗೆ ಏನೂ ಅಲುಗಾಡುತ್ತಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಹೇಳಿಕೊಟ್ಟಿದ್ದರು: ಒಂದು ಕೈಯಿಂದ ಮಣಿಕಟ್ಟು ಹಿಡಿಯಬೇಕು, ಇನ್ನೊಂದನ್ನು ಮೊಳಕೈ ಕೆಳಗೆ ಕೊಡಬೇಕು, ತೋಳು ಅವನ ಕಿವಿಗೆ ಹತ್ತುವ ತನಕ ನಿಧಾನವಾಗಿ ಮೇಲಕ್ಕೆ ಒಯ್ಯಬೇಕು, ಹಾಗೇ ನಿಧಾನವಾಗಿ ಇಳಿಸಬೇಕು. ಬಿಟ್ಟರೆ ಕೀಲು ಹಿಡಿದು ಕಟ್ಟಿಗೆಯಾಗುತ್ತದೆ ಅಂದಿದ್ದರು.

ನಾನು ಬಿಡಲಿಲ್ಲ. ಹಬ್ಬ ಅನ್ನಲಿಲ್ಲ, ಮೈಯಲ್ಲಿ ಜ್ವರ ಅನ್ನಲಿಲ್ಲ. ಸಾಲಿ ನಡುವೆಯೇ ಬಿಟ್ಟವನು ನಾನು, ಆದರೆ ಒಂದು ಕೆಲಸವನ್ನು ತೋರಿಸಿಕೊಟ್ಟರೆ ತೋರಿಸಿದವರಿಗಿಂತ ನೆಟ್ಟಗೆ ಮಾಡುತ್ತೇನೆ ಅನ್ನುವ ಸೊಕ್ಕು ಮೊದಲಿನಿಂದಲೂ ಇದೆ. ತಮ್ಮನ ಬೆನ್ನಿಗೆ ಒಂದು ಹುಣ್ಣು ಬೀಳಗೊಡಲಿಲ್ಲ, ಕೀಲು ಹಿಡಿಯಗೊಡಲಿಲ್ಲ. ನೋಡಲು ಬಂದ ಸಂಬಂಧಿಕರು ಹಾಸಿಗೆಯ ಹತ್ತಿರ ಕೂತು ಮೂಗಿಗೆ ಸೆರಗು ಹಚ್ಚುವ ಪ್ರಸಂಗ ನಮ್ಮ ಮನೆಯಲ್ಲಿ ಒಂದು ದಿನವೂ ಬರಲಿಲ್ಲ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ತಮ್ಮನಿಗೂ ಒಂದು ಸೊಕ್ಕಿತ್ತು. ಅವನ ಕುತ್ತಿಗೆ ಮುರಿದದ್ದು ಕಾಲುವೆಗೆ ಹಾರಿ. ಕುಡಿದಿದ್ದನೇನೋ ಅಂದವರಿದ್ದರು, ಹುಡುಗು ಬುದ್ಧಿ ಅಂದವರಿದ್ದರು, ಹಣೆಬರಹ ಅಂದವರಂತೂ ಎಲ್ಲರೂ. ಎಲ್ಲರಿಗೂ ಅವನು ಹಾಸಿಗೆಯಿಂದ ಒಂದೇ ಉತ್ತರ ಕೊಡುತ್ತಿದ್ದ. "ನಾ ಸರಿಯಾಗೇ ಹಾರೀನಿ. ನೀರು ಸುಳ್ಳು ಹೇಳ್ತು." ಅಷ್ಟು ಹೇಳಿ ಮುಖವನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದ. ತಿರುಗಿಸಲು ಅವನಿಗೆ ಉಳಿದಿದ್ದದ್ದು ಮುಖವೊಂದೇ, ಹಿಡಿದುಕೊಳ್ಳಲು ಉಳಿದಿದ್ದದ್ದು ಆ ಮಾತೊಂದೇ. ಅಪ್ಪನಿಗೂ ಅದೇ ಮಾತು ಊರುಗೋಲಾಗಿತ್ತು, ಯಾಕೆಂದರೆ ನಮಗೆ ಹಾರಲು ಕಲಿಸಿದವನು ಅವನೇ.

ಕಲಿತದ್ದು ಬಾವಿಯಲ್ಲಿ. ತಾವರಗೇರಾದ ಆಚೆಗಿನ ನಮ್ಮ ಊರಲ್ಲಿ ಹೊಲಗಳ ನಡುವೆ ಚೌಕನೆಯ ಕಲ್ಲುಬಾವಿ ಇತ್ತು. ಕೊಪ್ಪಳ ಹೊಸ ಜಿಲ್ಲೆಯಾದ ವರ್ಷ, ೧೯೯೭ರ ಬೇಸಿಗೆ. ಆ ವರ್ಷವೇ ನನ್ನನ್ನು ಸಾಲಿ ಬಿಡಿಸಿ ಗೌಂಡಿ ಕೆಲಸಕ್ಕೆ ಹಚ್ಚಿದ್ದರು. ಅವ್ವ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಸುಣ್ಣ ಸಿಮೆಂಟು ತಿಂದ ನನ್ನ ಕೈಗಳನ್ನು ನೋಡಿ ಅಪ್ಪನಿಗೆ ಏನನ್ನಿಸಿತೋ, ಒಂದು ಇಳಿಹೊತ್ತು ನಮ್ಮಿಬ್ಬರನ್ನೂ ಬಾವಿಗೆ ಕರೆದುಕೊಂಡು ಹೋದ. ನಡಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸಿದ. ಬುರುಡೆ ಬಿಚ್ಚಿದ ಮೇಲೆ ಹಾರುವುದು.

ಹಾರುವುದಕ್ಕೆ ನಮ್ಮೂರಲ್ಲಿ ಒಂದು ಪದ್ಧತಿ ಇತ್ತು. ನೀರು ಅಂದರೆ ಗಂಗವ್ವ. ಬೇಸಿಗೆಯ ಮೊದಲ ಈಜಿಗೆ ಎಲೆ ಅಡಿಕೆ, ಅರಿಷಿಣ ಕುಂಕುಮ ಬಿಟ್ಟೇ ಇಳಿಯಬೇಕು. ಆಮೇಲೆ ಎಷ್ಟು ಸಲ ಹಾರಿದರೂ ಅಷ್ಟೂ ಸಲ ದಂಡೆಯ ಕಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಎದೆಯ ಮೇಲೆ ಕೈ ಮುಗಿದು, ಮುಗಿದ ಕೈ ಬಿಚ್ಚದೇ ತಲೆ ಮುಂದೆ ಮಾಡಿ ಬೀಳಬೇಕು. ಬೀಳುವಾಗ ಕೈ ಬಿಚ್ಚಿದವನನ್ನು ಅಪ್ಪ ಮತ್ತೆ ಮೇಲೆ ಕರೆದು ಹಾರಿಸುತ್ತಿದ್ದ. "ಕೈ ಬಿಚ್ಚಿ ಬೀಳಾವ ಕಳ್ಳ. ಕೈ ಮುಗದು ಬೀಳಾವ ಮನಿ ಮಗ," ಅನ್ನುತ್ತಿದ್ದ. ಅವನಿಗೆ ಅವನಪ್ಪ ಕಲಿಸಿದ್ದೂ ಹಾಗೇ.

ಬಾವಿಯ ತಳವನ್ನು ಯಾರೂ ಮುಟ್ಟಿದವರಿರಲಿಲ್ಲ. ತಲೆ ಮುಂದಾದರೇನು, ಕಾಲು ಮುಂದಾದರೇನು, ತಾಯಿಯ ಮಡಿಲಿಗೆ ಬಿದ್ದಂತೆ. ನೀರು ಇಳಿದರೂ ಗೊತ್ತಾಗುತ್ತಿತ್ತು. ದಿನದಿನಕ್ಕೆ ಒಂದೊಂದು ಮೆಟ್ಟಿಲು ಹೊರಗೆ ಬಂದು ಬಿಸಿಲಿಗೆ ಬೆಳ್ಳಗಾಗುತ್ತಿತ್ತು. ಬಾವಿಯ ನೀರು ಎಷ್ಟಿದೆಯೋ ಅಷ್ಟನ್ನು ಹೇಳುತ್ತದೆ.

ನಾನು ಹಾರಿದರೆ ಎಮ್ಮೆ ಬಿದ್ದಂತೆ ಸಪ್ಪಳ. ತಮ್ಮ ನನಗಿಂತ ಸಣ್ಣವನು, ಎಳ್ಳುಕಡ್ಡಿಯಂಥ ಮೈ. ಅವನು ಕೈ ಮುಗಿದು ಬಿದ್ದರೆ ನೀರು ಗುಳುಂ ಅಂದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಹೊಲದ ಕೆಲಸ ಮುಗಿಸಿ ಹೋಗುವವರು ಬುಟ್ಟಿ ಇಳಿಸಿ ನಿಂತು ನೋಡುತ್ತಿದ್ದರು. ಅಪ್ಪ ದಂಡೆಯಲ್ಲಿ ಬೀಡಿ ಹಚ್ಚಿ, ತನಗೇನೂ ಸಂಬಂಧ ಇಲ್ಲ ಅನ್ನುವವನಂತೆ ಬೇರೆ ಕಡೆ ನೋಡುತ್ತಾ ಕೂರುತ್ತಿದ್ದ. ಅವನ ಜೀವನದಲ್ಲಿ ಅಷ್ಟು ಸಂತೋಷ ಮತ್ತೆ ಬಂದದ್ದನ್ನು ನಾನು ಕಾಣೆ.

ಕೆಲವು ವರ್ಷಗಳಾದ ಮೇಲೆ ನಾನು ಪಕ್ಕಾ ಗೌಂಡಿಯಾದೆ, ತಮ್ಮ ನನ್ನ ಕೈಕೆಳಗೆ ಕಲಿತ. ಕೆಲಸ ಇದ್ದಲ್ಲಿಗೆ ನಾವು. ಯಲಬುರ್ಗಾದಲ್ಲಿ ಮನೆಗಳು, ಕುಷ್ಟಗಿಯಲ್ಲಿ ಅಂಗಡಿಗಳು. ಹಾಗೇ ಒಂದು ಸಲ ಗಂಗಾವತಿ ಕಡೆಯ ಸಿದ್ದಾಪುರದ ಹತ್ತಿರ ಅಕ್ಕಿ ಗಿರಣಿಯ ಗೋದಾಮು ಕಟ್ಟಲು ಹೋದೆವು. ಅದು ನೀರಾವರಿ ಸೀಮೆ, ಎತ್ತ ನೋಡಿದರೂ ಹಸಿರು. ಅಲ್ಲಿಯವರು ಕನ್ನಡ ತೆಲುಗು ಕೂಡಿಸಿ ಮಾತಾಡುತ್ತಿದ್ದರು, ನಮ್ಮನ್ನು ಒಣಸೀಮೆಯ ಮಂದಿ ಅಂತ ಚೇಷ್ಟೆ ಮಾಡುತ್ತಿದ್ದರು. ಕೆಲಸದ ಜಾಗದ ಹಿಂದೆಯೇ ಕಾಲುವೆ. ನಮ್ಮ ತಮ್ಮ ಆ ನೀರು ನೋಡಿ ಮದುವೆ ಮನೆ ನೋಡಿದವನಂತಾಗಿದ್ದ.

ಮಧ್ಯಾಹ್ನದ ಬಿಡುವಿನಲ್ಲಿ ಸೇತುವೆಯ ಕಟ್ಟೆಯ ಮೇಲಿಂದ ಹಾರುವುದು ಅವನ ರೂಢಿಯಾಯಿತು. ಆ ಕಡೆಯ ಹುಡುಗರೂ ಹಾರುತ್ತಿದ್ದರು. ಕಾಲುವೆಯ ನೀರು ಕೆಂಪು ಚಹದಂತೆ ಕದಡಿರುತ್ತದೆ, ಒಂದು ಗೇಣು ಕೆಳಗಿನದೂ ಕಾಣುವುದಿಲ್ಲ. ನಮಗೆ ಅದು ಹೊಸದಲ್ಲ, ಬಾವಿಯ ನೀರೂ ಪಾಚಿಗಟ್ಟಿ ಕಾಣುತ್ತಿರಲಿಲ್ಲ. ನಮಗೆ ಗೊತ್ತಿಲ್ಲದ್ದು ಬೇರೆ. ಕಾಲುವೆಯ ನೀರು ಬಿಸಿಲಿಗೆ ಇಳಿಯುವುದಿಲ್ಲ. ಎಲ್ಲೋ ಮೇಲುಗಡೆ ಯಾರೋ ತೂಬಿನ ಬಾಗಿಲು ಇಳಿಸುತ್ತಾರೆ, ಇಲ್ಲಿ ನಿನ್ನೆ ಆಳು ಮುಳುಗುವಷ್ಟಿದ್ದ ನೀರು ಇವತ್ತು ಸೊಂಟಕ್ಕೆ ಬಂದಿರುತ್ತದೆ. ಅಲ್ಲಿಯವರು ದಂಡೆಯ ಕಲ್ಲಿನ ಮೇಲಿನ ಹಸಿ ಗೆರೆ ನೋಡಿ ತಿಳಿದುಕೊಳ್ಳುತ್ತಾರೆ. ಆ ಗೆರೆಯನ್ನು ಓದಲು ಬಾವಿಯ ಮಂದಿಗೆ ಬರುತ್ತಿರಲಿಲ್ಲ.

ಆ ದಿನ ಆ ಕಡೆಯ ಹುಡುಗರು ಯಾರೂ ಬಂದಿರಲಿಲ್ಲ. ನಾನು ದಂಡೆಯಲ್ಲಿ ಕೂತು ಸಿಮೆಂಟು ಹತ್ತಿದ ತಾಪಿ, ಪುಟ್ಟಿ ತೊಳೆಯುತ್ತಿದ್ದೆ. ತಲೆ ಎತ್ತಿ ನೋಡಿದರೆ ತಮ್ಮ ಸೇತುವೆಯ ಕಟ್ಟೆಯ ಮೇಲೆ. ಬಾಗಿ ಕಲ್ಲು ಮುಟ್ಟಿದ, ಕಣ್ಣಿಗೆ ಒತ್ತಿಕೊಂಡ, ಎದೆಯ ಮೇಲೆ ಕೈ ಮುಗಿದ. ಅಷ್ಟು ಚಂದ ಅವನು ಬಾವಿಗೂ ಹಾರಿರಲಿಲ್ಲ. ಗುಳುಂ ಅನ್ನುವ ಸಪ್ಪಳಕ್ಕೆ ಕಾದೆ. ಅದು ಬರಲಿಲ್ಲ.

ಮೇಲೆ ಬಂದ, ಆದರೆ ಬೆನ್ನು ಮೇಲಾಗಿ ಬಂದ. ನಾನು ನೀರಿಗಿಳಿದೆ, ನೀರು ನನ್ನ ಹೊಕ್ಕುಳಕ್ಕೂ ಬರಲಿಲ್ಲ. ಅವನನ್ನು ತಿರುಗಿಸಿ ಎದೆಗೆ ಒರಗಿಸಿಕೊಂಡಾಗ ಅವನಿಗೆ ಎಚ್ಚರವಿತ್ತು. ಹಣೆಯಲ್ಲಿ ರಕ್ತ ಬಹಳ ಇರಲಿಲ್ಲ. ಅವನ ಎರಡೂ ಕೈಗಳನ್ನು ನಾನೇ ಹಿಡಿದಿದ್ದೆ. ಅವನು ನನ್ನ ಮುಖ ನೋಡಿ ಕೇಳಿದ, "ಯಣ್ಣಾ, ನನ್ನ ಕೈ ಎಲ್ಲಿ ಅದಾವ?"

ಇಷ್ಟನ್ನು ಬರೆಯಲು ನನಗೆ ಬಹಳ ದಿನ ಹಿಡಿಯಿತು. ಇಲ್ಲಿಂದ ಮುಂದೆ ಆಸ್ಪತ್ರೆಯ ಕಥೆ, ಅದು ಎಲ್ಲರ ಮನೆಯದೂ ಒಂದೇ. ಅಪ್ಪನ ಒಂದು ಮಾತು ಮಾತ್ರ ಹೇಳಬೇಕು. ಊರಿಂದ ಬಸ್ಸು ಬದಲಿಸಿ ಬದಲಿಸಿ ಬಂದವನು ವಾರ್ಡಿನ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿದ. ಬದುಕುತ್ತಾನೋ ಇಲ್ಲವೋ ಅಂತ ಕೇಳುತ್ತಾನೆ ಅಂದುಕೊಂಡಿದ್ದೆ.

"ಕೈ ಮುಗದಿದ್ನೇನು?" ಅಂದ.

ಮುಗಿದಿದ್ದ ಅಂದೆ. ಅಪ್ಪ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟ. ಹಾಗಾದರೆ ನಮ್ಮ ಕಡೆಯಿಂದ ಏನೂ ತಪ್ಪಿಲ್ಲ ಅಂದ. ಆ ಮಾತಿನ ಮೇಲೆ ಅವನು ಇಲ್ಲಿಯ ತನಕ ಬದುಕಿದ್ದಾನೆ.

ಊರಲ್ಲಿ ಇಂಥ ರೋಗಿಯನ್ನು ಇಟ್ಟುಕೊಳ್ಳುವುದು ಆಗದ ಮಾತು ಅಂತ ಅಪ್ಪನೂ ಕೂಡಿ ಮೂವರೂ ಕೊಪ್ಪಳಕ್ಕೆ ಬಂದೆವು. ನಾನು ಟೈಲ್ಸ್ ಹಾಕುವುದನ್ನು ಕಲಿತೆ. ಈಗ ಈ ಪ್ಯಾಟಿಯಲ್ಲಿ ನಾನು ಹಾಸಿದ ನೆಲದ ಮೇಲೆ ನಡೆಯದ ದೊಡ್ಡ ಮನುಷ್ಯರು ಕಡಿಮೆ. ಮದುವೆಯಾದೆ. ಬಂದವಳಿಗೆ ಮೊದಲೇ ಹೇಳಿದ್ದೆ, ನನ್ನ ಜೊತೆಗೆ ನನ್ನ ತಮ್ಮನೂ ಇದ್ದಾನೆ ಅಂತ. ಅದಕ್ಕವಳು ಕಣ್ಣಿದ್ದೇ ಬಂದೀನಿ ಅಂದಳು. ಆಮೇಲೆ ಮಗಳು ಹುಟ್ಟಿದಳು. ತಮ್ಮನ ಎದೆಯ ಮೇಲೆ ಮಲಗಿ, ಅವನ ಅಲುಗಾಡದ ಬೆರಳುಗಳನ್ನು ಎಳೆದಾಡಿ ಆಟವಾಡುತ್ತಾ ಬೆಳೆದಳು. ಕಾಕಾ ಅಂದರೆ ಮಲಗಿರುವವನು ಅಂತಲೇ ಅವಳು ತಿಳಿದಿದ್ದಳು. ಬೇರೆ ಮನೆಯ ಕಾಕಾ ಒಬ್ಬ ನಡೆದು ಬಂದಾಗ ನಕ್ಕಿದ್ದಳು.

ಕಾಲುವೆಯ ಆ ದಿನದ ನಂತರ ನಾನು ನೀರಿಗೆ ಇಳಿದಿರಲಿಲ್ಲ. ಗಂಗಾವತಿ ಕಡೆ ಬಸ್ಸಿನಲ್ಲಿ ಹೋದರೆ ಕಾಲುವೆ ದಾಟುವಾಗ ಎದುರಿನ ಸೀಟಿನ ಕಬ್ಬಿಣ ನೋಡುತ್ತಾ ಕೂರುತ್ತಿದ್ದೆ. ನಮ್ಮ ಅಂಜಿಕೆ ಮಗಳಿಗೆ ಯಾರೂ ಕಲಿಸಲಿಲ್ಲ, ತಾನೇ ಕಲಿತಳು. ತುಂಬಿದ ಬಕೆಟ್ಟಿಗೂ ಕೈ ಅದ್ದಲು ಹಿಂಜರಿಯುತ್ತಿದ್ದಳು. ಅದನ್ನು ಮೊದಲು ಕಂಡವನು ತಮ್ಮ. ಕೊಪ್ಪಳದ ಈಜುಕೊಳದಲ್ಲಿ ಬೇಸಿಗೆಗೆ ಮಕ್ಕಳಿಗೆ ಕಲಿಸುತ್ತಾರಂತೆ ಅನ್ನುವ ಸುದ್ದಿಯನ್ನು ಮನೆಗೆ ಬಂದ ಯಾರ ಬಾಯಿಂದಲೋ ಕೇಳಿ ಹಟ ಹಿಡಿದ.

"ಆಕೀನ ಕರಕೊಂಡು ಹೋಗು," ಅಂದ. "ನೀರಿನ ಅಂಜಿಕಿ ನನ್ನ ಜೋಡಿ ಹೋಗ್ಲಿ, ಆಕಿಗೆ ಬ್ಯಾಡ."

ನಾನು ಒಲ್ಲೆ ಅಂದೆ. ಅವನು ಎರಡು ಹೊತ್ತು ಊಟ ಬಿಟ್ಟ. ಬಾಯಿ ಮುಚ್ಚಿಕೊಂಡು ಮಲಗಿದವನಿಗೆ ಒತ್ತಾಯ ಮಾಡಿ ಉಣ್ಣಿಸುವುದು ಹೇಗೆ? ಭಾನುವಾರ ಬೆಳಿಗ್ಗೆ ಮಗಳ ಕೈ ಹಿಡಿದು ಹೊರಟೆ. ಅವಳು ನೀರಿನ ಅಂಚಿಗೆ ಹೋಗಿ ನನ್ನ ಕಾಲು ತಬ್ಬಿ ನಿಂತಳು. ನೀವೂ ಇಳಿದರೆ ಇಳಿಯುತ್ತಾಳೆ ಅಂದರು ಅಲ್ಲಿ ಕಲಿಸುವವರು. ಹೀಗೆ ನಾನೂ ಇಳಿಯಬೇಕಾಯಿತು. ಮುಂದಿನ ವಾರಕ್ಕೆ ಮೈಗಂಟುವ ಚಡ್ಡಿ, ತಲೆಗೆ ರಬ್ಬರಿನ ಟೊಪ್ಪಿಗೆ ಕೊಂಡುಕೊಂಡೆ. ನನ್ನ ಹೆಂಡತಿ ಆ ವೇಷ ನೋಡಿ, ಬದನೆಕಾಯಿಗೆ ತೊಟ್ಟು ಇಟ್ಟಂಗ ಅದೀರಿ ಅಂದಳು. ತಮ್ಮ ಅದನ್ನು ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ನೀರನ್ನು ನಾನೇ ಒರೆಸಿದೆ.

ಕೊಳದ ನೀರು ನೋಡಿ ನನಗೆ ನಂಬಿಕೆ ಬರಲಿಲ್ಲ. ತಳದ ನೀಲಿ ಟೈಲ್ಸು, ನಡುವಿನ ಬಿಳಿ ಗೆರೆ, ಎಲ್ಲಾ ಕಾಣುತ್ತದೆ. ಇಲ್ಲಿ ಎಷ್ಟು ಆಳ, ಅಲ್ಲಿ ಎಷ್ಟು ಆಳ ಅಂತ ಅಂಚಿನ ಮೇಲೆ ಬರೆದಿಟ್ಟಿದ್ದಾರೆ. ನೀರು ತನ್ನ ಆಳವನ್ನು ಹಣೆಯ ಮೇಲೆ ಬರೆದುಕೊಂಡು ಮಲಗಿರುವುದನ್ನು ನಾನು ಅಲ್ಲೇ ಮೊದಲು ಕಂಡದ್ದು. ಮೂಲೆಯಲ್ಲಿ ಟೈಲ್ಸಿನ ಸಂದು ಸೊಟ್ಟಗಿತ್ತು, ಅದನ್ನೂ ಕಂಡೆ.

ಭಾನುವಾರ ಮನೆಗೆ ಬಂದ ಕೂಡಲೇ ತಮ್ಮನಿಗೆ ಎಲ್ಲಾ ಒಪ್ಪಿಸಬೇಕಿತ್ತು. ಇವತ್ತು ಏನು ಕಲಿಸಿದರು, ಆಕೆ ಎಷ್ಟು ಹೊತ್ತು ಉಸಿರು ಹಿಡಿದಳು, ಕಾಲು ಹೇಗೆ ಬಡಿದಳು. ಹಲಗೆ ಹಿಡಿದು ಕಾಲು ಬಡಿಯುತ್ತಾರೆ ಅಂದರೆ ಅವನಿಗೆ ನಗು. ಬಾವಿಯಲ್ಲಿ ನಮ್ಮಪ್ಪನೇ ಹಲಗೆ ಅನ್ನುತ್ತಿದ್ದ. ಕೊನೆಗೆ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು: ಹಾರುವುದನ್ನು ಯಾವಾಗ ಕಲಿಸುತ್ತಾರೆ? ಆ ದಿನಕ್ಕಾಗಿ ಅವನು, ಬೇರೆಯವರು ಹಬ್ಬಕ್ಕೆ ಕಾದಂತೆ ಕಾದ. ಹೊರಗೆ ಕಟ್ಟೆಯ ಮೇಲೆ ಕೂತ ಅಪ್ಪನೂ ಕಿವಿಗೊಟ್ಟಿರುತ್ತಿದ್ದ. ನಮ್ಮ ಬಾವಿಯ ಪದ್ಧತಿಯನ್ನು ಅಲ್ಲಿಯವರಿಗೂ ಒಮ್ಮೆ ತೋರಿಸಿ ಬಾ ಅಂತ ಒಂದು ದಿನ ಹೇಳಿದ.

ತೋರಿಸಿದೆ. ಹಾರುವ ಪಾಠ ಶುರುವಾದ ಭಾನುವಾರ, ಮಕ್ಕಳು ಸಾಲಾಗಿ ಕೂರುವ ಮೊದಲೇ ನಾನು ಆಳದ ಕಡೆ ಹೋಗಿ, ಅಂಚು ಮುಟ್ಟಿ ಕಣ್ಣಿಗೊತ್ತಿ, ಎದೆಯ ಮೇಲೆ ಕೈ ಮುಗಿದು ಬಿದ್ದೆ. ಎಷ್ಟೋ ವರ್ಷಗಳ ಮೇಲೆ. ನೀರು ತಲೆಗೆ ಬಡಿದದ್ದು ಗೊತ್ತಾಯಿತು, ಆದರೂ ಮೇಲೆ ಬರುವಾಗ ಮನಸ್ಸು ಹಗುರವಾಗಿತ್ತು, ಮಗಳು ಚಪ್ಪಾಳೆ ತಟ್ಟುತ್ತಾಳೆ ಅಂದುಕೊಂಡಿದ್ದೆ. ಸೀಟಿ ಊದಿದ ಸಪ್ಪಳ ಕೇಳಿತು.

ಕಲಿಸುವವನು ನನಗಿಂತ ಬಹಳ ಚಿಕ್ಕವನು. ದಂಡೆಗೆ ಕರೆದು ಕೂರಿಸಿಕೊಂಡ. ಸಿಟ್ಟಾಗಿದ್ದ, ಆದರೆ ದನಿ ಎತ್ತಲಿಲ್ಲ.

"ಯಜಮಾನ್ರ, ತಲಿ ನಿಮ್ದೋ, ಬಾಡಗಿದೋ?"

ನಾನು ಮುಖದ ನೀರು ಒರೆಸಿಕೊಂಡೆ.

"ಬಾವ್ಯಾಗ ಕಲ್ತವರು ನೀವು. ಬಾವಿ ಮಂದಿ ಎಲ್ಲಾ ಹಿಂಗ, ತಲೀನ ಮುಂದ ಕಳಸ್ತಾರ. ಕೈ ಮೊದ್ಲು ಹೋಗಬೇಕ್ರಿ. ತಳ ಹತ್ತಿದ್ರ ಕೈಗೆ ಹತ್ಲಿ. ಕೈ ಮುರಿದ್ರ ಕೂಡ್ತಾವು."

ಬೇರೆ ಹೊತ್ತಾಗಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಮಗಳು ನೋಡುತ್ತಿದ್ದಳು. ಚಿಕ್ಕ ಮಕ್ಕಳ ಸಾಲಿನಲ್ಲಿ, ಅವಳ ಪಕ್ಕದಲ್ಲಿ, ಅಂಚಿನ ಮೇಲೆ ಕಾಲು ಇಳಿಬಿಟ್ಟು ಕೂತೆ.

ಅವನು ಎಲ್ಲರಿಗೂ ಹೇಳಿದ. ಹೊಸ ನೀರಿಗೆ ಮೊದಲು ಕಾಲು ಮುಂದೆ ಮಾಡಿ ಇಳಿಯಬೇಕು, ಆಳ ನಿಮ್ಮ ಮೈಗೇ ಗೊತ್ತಾಗಬೇಕು. ಗೊತ್ತಿಲ್ಲದ ನೀರಿಗೆ, ಕಾಣದ ನೀರಿಗೆ, ಯಾರು ಏನೇ ಅಂದರೂ ತಲೆ ಮುಂದೆ ಮಾಡಿ ಹಾರಬಾರದು. ಇಲ್ಲಿಯೂ ಆಳದ ಕಡೆ ಮಾತ್ರ. ಮೊದಲು ಕೂತು, ಆಮೇಲೆ ಮೊಳಕಾಲೂರಿ, ಆಮೇಲೆ ಬಾಗಿ, ಕಟ್ಟಕಡೆಗೆ ನಿಂತು. ಒಂದು ಅಂಗೈ ಮೇಲೆ ಇನ್ನೊಂದು ಅಂಗೈ ಇಡಿ, ಹೆಬ್ಬೆರಳಿಗೆ ಹೆಬ್ಬೆರಳು ಸಿಕ್ಕಿಸಿ. ಈಗ ಕೈ ಎತ್ತಿ ನೆತ್ತಿಯ ಮೇಲೆ ಒಯ್ಯಿರಿ. ಗದ್ದ ಎದೆಗೆ. ಇನ್ನೂ ಮೇಲೆ, ಇನ್ನೂ. ತೋಳು ಕಿವಿಗೆ ಹತ್ತಬೇಕು.

ತೋಳು ಕಿವಿಗೆ ಹತ್ತಬೇಕು.

ನನ್ನ ತೋಳು ಅರ್ಧಕ್ಕೆ ನಿಂತವು. ಅದೇ ದಿನ ಬೆಳಿಗ್ಗೆ ನಾನು ಆ ಕೆಲಸ ಮಾಡಿ ಬಂದಿದ್ದೆ. ಅದರ ಹಿಂದಿನ ದಿನವೂ, ಅದರ ಹಿಂದಿನ ಎಲ್ಲಾ ದಿನವೂ. ಮಣಿಕಟ್ಟು ಹಿಡಿದು, ಮೊಳಕೈಗೆ ಆಸರೆ ಕೊಟ್ಟು, ತಮ್ಮನ ತೋಳನ್ನು ಅವನ ಕಿವಿಯ ತನಕ. ಆ ಮಟ್ಟ ನನಗೆ ಗೊತ್ತಿದ್ದಷ್ಟು ಈ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಎದೆಯ ಮೇಲೆ ಮುಗಿದ ಕೈಗೂ ನೆತ್ತಿಯ ಮೇಲೆ ಸೇರಿಸಿದ ಕೈಗೂ ನಡುವೆ ಎಷ್ಟಿದೆ? ಒಂದು ಮೊಳ. ಅವನ ತೋಳುಗಳ ಕೆಲಸವೇ ತೀರಿಹೋದ ಮೇಲೆ ನಾನು ಅವನ್ನು ಅಲ್ಲಿಗೆ ಎತ್ತುತ್ತಿದ್ದೆ.

ಕೈ ಮುಂದಿದ್ದರೂ ಅವತ್ತಿನ ಆ ನೀರಿನಲ್ಲಿ ಏನಾಗುತ್ತಿತ್ತೋ, ಬಲ್ಲವರು ಯಾರು. ಮಣಿಕಟ್ಟು ಪುಡಿಯಾಗುತ್ತಿತ್ತೇನೋ. ಆದರೆ ಮುರಿದ ಮಣಿಕಟ್ಟಿನ ತಮ್ಮನಾದರೂ ನನಗೆ ಸಾಕಿತ್ತು.

ಪಕ್ಕದಲ್ಲಿ ಮಗಳು ಕೈ ಎತ್ತಿ, ಗದ್ದ ಇಳಿಸಿ, ಕಣ್ಣು ಬಿಗಿಯಾಗಿ ಮುಚ್ಚಿ ಮುಂದಕ್ಕೆ ಉರುಳಿದಳು. ನೀರು ಅವಳ ಬೆರಳಿಗೆ ಮೊದಲು ಬಾಯಿ ತೆರೆಯಿತು. ಮೇಲೆ ಬಂದವಳ ಮುಖದ ಮೇಲೆ, ಬಕೆಟ್ಟಿಗೆ ಅಂಜುತ್ತಿದ್ದ ಹುಡುಗಿಯ ಗುರುತೇ ಇರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನಿಶ್ಚಯ ಮಾಡಿಕೊಂಡೆ. ಹೇಳುವುದಿಲ್ಲ. ಹಾಸಿಗೆಯಲ್ಲಿರುವವನಿಗೆ ಒಂದೇ ಮಾತು ಉಳಿದಿದೆ, ಕಟ್ಟೆಯ ಮೇಲಿರುವವನಿಗೂ ಒಂದೇ. ಅವೆರಡನ್ನೂ ಕಿತ್ತುಕೊಂಡು ನಾನು ಕೊಡುವುದು ಏನಿದೆ? ಮಗಳಿಗೆ ತಿಂಡಿ ಕೊಡಿಸಿ, ನೀನು ಅಡಿಗೆ ಮನೆಗೆ ಹೋಗು, ನಿಮ್ಮವ್ವನಿಗೆ ಎಲ್ಲಾ ಹೇಳು ಅಂದೆ. ನಾನು ತಮ್ಮನ ಹತ್ತಿರ ಹೋದೆ.

ಹಾರುವುದು ಕಲಿಸಿದರೇನು ಅಂತ ಕೇಳಿದ. ಇಲ್ಲ, ಇವತ್ತು ಹಲಗೆಯ ಮೇಲೇ ಹೊತ್ತು ಹೋಯಿತು ಅಂದೆ. ಅವನ ಮುಖ ಇಳಿಯಿತು. ಅಷ್ಟರಲ್ಲಿ ಬಾಗಿಲಿಂದ ದನಿ.

"ಸುಳ್ಳು, ಕಾಕಾ. ಅಪ್ಪ ಸುಳ್ಳು ಹೇಳ್ತಾನ. ನಾ ಹಾರೀನಿ, ನೋಡು."

ಹಾಸಿಗೆಯ ಕಾಲುದೆಸೆಗೆ ಬಂದು ನಿಂತಳು. ಜಡೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅಂಗೈ ಮೇಲೆ ಅಂಗೈ ಇಟ್ಟಳು, ಹೆಬ್ಬೆರಳು ಸಿಕ್ಕಿಸಿದಳು, ತೋಳುಗಳನ್ನು ಕಿವಿಗೆ ಒತ್ತಿ ನೆತ್ತಿಯ ಮೇಲೆ ಎತ್ತಿ ಬಾಗಿದಳು. ಕೈ ಮೊದಲು ಹೋಗಬೇಕು, ತಲೆ ಆಮೇಲೆ, ಅಂತ ಪಾಠ ಒಪ್ಪಿಸಿದಳು.

ತಮ್ಮ ನೋಡಿದ. ಅವನ ಮುಖ ಓದುವುದು ನನಗೆ ರೂಢಿ. ಬಾಯಾರಿಕೆ, ನೋವು, ಸಂಕೋಚ, ಎಲ್ಲಾ ಅಲ್ಲೇ ಬರೆದಿರುತ್ತಿತ್ತು. ಅವತ್ತು ಓದಲಾರದೆ ನೆಲ ನೋಡಿದೆ.

"ಛಲೋ ಹಾರ್ತಿ," ಅಂದ ಅವಳಿಗೆ. "ಇನ್ನೊಮ್ಮಿ ತೋರ್ಸು."

ಇನ್ನೊಮ್ಮೆ ತೋರಿಸಿದಳು. ಅವನು ಮೊದಲಿಗಿಂತ ನಿಧಾನವಾಗಿ, ಅವಳ ಬೆರಳ ತುದಿಯಿಂದ ಕಿವಿಯ ತನಕ ಕಣ್ಣು ಇಳಿಸಿ ನೋಡಿದ. ಆಮೇಲೆ, ಹೋಗು, ತಲೆ ಒರೆಸಿಕೋ, ನೆಗಡಿ ಬರುತ್ತದೆ ಅಂತ ಕಳಿಸಿದ.

ಜಡೆಯಿಂದ ನೆಲಕ್ಕೆ ಬಿದ್ದಿದ್ದ ನೀರನ್ನು ನಾನು ಅರಿವೆಯಿಂದ ಒರೆಸಿದೆ.

"ಯಣ್ಣಾ, ಎತ್ತು," ಅಂದ.

"ಮುಂಜಾನಿ ಮಾಡೇನಲ್ಲೊ."

"ಎತ್ತು."

ಎತ್ತಿದೆ. ಒಂದು ತೋಳು, ಆಮೇಲೆ ಇನ್ನೊಂದು. ಎರಡನ್ನೂ ಕೂಡಿಸಿ ಎತ್ತು ಅಂದ; ಹಾಗೆ ಯಾವತ್ತೂ ಎತ್ತಿರಲಿಲ್ಲ. ತಲೆದಿಂಬಿನ ಹಿಂದೆ ನಿಂತು ಎರಡೂ ಮಣಿಕಟ್ಟುಗಳನ್ನು ಹಿಡಿದೆ. ಹೆಬ್ಬೆರಳು ಸಿಕ್ಕಿಸು ಅಂದ. ಸಿಕ್ಕಿಸಿದೆ, ಜಾರಿದವು, ನನ್ನ ಮುಷ್ಟಿಯಲ್ಲಿ ಬಿಗಿ ಹಿಡಿದೆ. ಅವನಿಗೆ ಅದು ತಿಳಿಯುವಂತಿರಲಿಲ್ಲ. ತಲೆ ಮೇಲಿನ ಮಾಳಿಗೆಯ ಕಡೆ ನೋಡುತ್ತಾ ಕೇಳಿದ.

"ಈಗ ನನ್ನ ಕೈ ಎಲ್ಲಿ ಅದಾವ?"

"ನೆತ್ತಿ ಮ್ಯಾಲ."

"ಕಿವಿಗೆ ಹತ್ಯಾವೇನು?"

"ಹತ್ಯಾವ."

"ಬರೇ ಇಷ್ಟ?"

"ಇಷ್ಟ."

ಅವನ ಕಣ್ಣಿಂದ ನೀರು ಎರಡೂ ಕಡೆ ಇಳಿದು, ಕಿವಿಗೆ ಹತ್ತಿದ ಅವನ ತೋಳುಗಳಿಗೇ ಹತ್ತಿತು. ನನ್ನ ಎರಡೂ ಕೈ ಹಿಡಿದಿದ್ದವು, ಒರೆಸಲು ಆಗಲಿಲ್ಲ. ಹೊರಗೆ ಕಟ್ಟೆಯ ಮೇಲೆ ಅಪ್ಪ ಕೆಮ್ಮಿದ ಸಪ್ಪಳ ಕೇಳಿತು. ತಮ್ಮ ದನಿ ತಗ್ಗಿಸಿದ.

"ಅಪ್ಪಗ ಹೇಳಬ್ಯಾಡ."

ಹೇಳುವುದಿಲ್ಲ ಅಂದೆ. ಕೈ ಇಳಿಸಲೇ ಅಂತ ಕೇಳಿದೆ. ಸ್ವಲ್ಪ ಹೊತ್ತು ಹಾಗೇ ಇರಲಿ ಅಂದ.

ಆ ದಿನದ ಮೇಲೆ, ನಾ ಸರಿಯಾಗೇ ಹಾರೀನಿ ಅನ್ನುವ ಮಾತು ಅವನ ಬಾಯಿಂದ ಬರಲಿಲ್ಲ. ಯಾರಾದರೂ ಹಳೆಯ ಕಥೆ ತೆಗೆದರೆ ಸುಮ್ಮನೆ ಮುಖ ತಿರುಗಿಸುತ್ತಿದ್ದ. ಅಪ್ಪನ ಮುಂದೆ ಮಾತ್ರ, ಅಪ್ಪ ತಾನಾಗಿಯೇ ನೀರು ಸುಳ್ಳು ಹೇಳಿತು ಅಂದಾಗ, ಹೌದು ಅನ್ನುತ್ತಿದ್ದ. ಮಗಳನ್ನು ಒಂದು ವಾರವೂ ತಪ್ಪಿಸಗೊಡಲಿಲ್ಲ. ಬೇಸಿಗೆ ಮುಗಿದು, ಪಾಠ ಮುಗಿದು, ಕಟ್ಟಕಡೆಗೆ ಅವಳು ನಿಂತು ಹಾರಿದಳು ಅಂದಾಗ, ಸಪ್ಪಳ ಹೇಗೆ ಬಂತು ಅಂತ ಕೇಳಿದ. ಗುಳುಂ ಅಂತು ಅಂದೆ. ತುಟಿಯ ಒಂದು ಬದಿಯಲ್ಲಿ ನಕ್ಕ.

ಮುಂದಿನ ಚಳಿಗಾಲದಲ್ಲಿ ಜ್ವರ ಬಂತು, ಇಳಿಯಲಿಲ್ಲ. ಇಂಥವರಿಗೆ ಕೊನೆಗೆ ಬರುವುದು ಹೀಗೇ ಅಂದರು ಆಸ್ಪತ್ರೆಯಲ್ಲಿ. ಕೊನೆಯ ದಿನಗಳಲ್ಲೂ ನಾನು ಅವನ ತೋಳು ಎತ್ತಿ ಇಳಿಸುವುದನ್ನು ಬಿಡಲಿಲ್ಲ. ಇನ್ನೇಕೆ ಅಂತ ನರ್ಸಮ್ಮ ಕೇಳಿದಳು. ನಾನು ಇನ್ನೊಂದು ತೋಳು ಎತ್ತಿದೆ. ಅವನು ಹೋದ ಮೇಲೆ ಎಷ್ಟೋ ತಿಂಗಳು, ಬೆಳಿಗ್ಗೆ ಆ ಹೊತ್ತಿಗೆ ನನ್ನ ಕೈಗಳಿಗೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಚಹದ ಬಟ್ಟಲು ಹಿಡಿದುಕೊಂಡು ಖಾಲಿ ಮಂಚದ ಹತ್ತಿರ ನಿಂತಿರುತ್ತಿದ್ದೆ. ಹೆಂಡತಿ ಬಂದು ಬಟ್ಟಲು ಇಸಿದುಕೊಂಡು, ಕೆಲಸಕ್ಕೆ ಹೊತ್ತಾತು ಅನ್ನುತ್ತಿದ್ದಳು.

ಆಮೇಲಿನ ಬೇಸಿಗೆಯಲ್ಲಿ ಒಂದು ಭಾನುವಾರ ಅಪ್ಪ, ನಾನೂ ಬರುತ್ತೇನೆ ಅಂದ. ಹೊಲ ಬಾವಿ ಬಿಟ್ಟು ಬಂದ ಮೇಲೆ ಅವನು ನೀರಿನ ಹತ್ತಿರ ಸುಳಿದಿರಲಿಲ್ಲ. ಕೊಳದ ಕಟ್ಟೆಯ ಮೇಲೆ ಧೋತರ ಮುದುರಿ ಕೂತ. ಇಲ್ಲಿ ಬೀಡಿ ಹಚ್ಚಬಾರದು ಅಂದರೆ ಸಿಟ್ಟು ಮಾಡಿದ. ಇಷ್ಟು ತಿಳಿ ನೀರಿನಲ್ಲಿ ಗಂಗವ್ವ ಎಲ್ಲಿ ಕೂರಬೇಕು ಅಂತ ಕೇಳಿದ.

ಮಗಳು ಆಳದ ಕಡೆ ಹೋಗಿ ಅಂಚಿನಲ್ಲಿ ನಿಂತಳು. ಅಜ್ಜ ನೋಡುತ್ತಿದ್ದಾನೋ ಇಲ್ಲವೋ ಅಂತ ಒಮ್ಮೆ ತಿರುಗಿ ನೋಡಿದಳು. ಬಾಗಿ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅದನ್ನು ಅವಳಿಗೆ ಕಾಕಾ ಹೇಳಿಕೊಟ್ಟಿದ್ದ. ಅಂಗೈಗಳನ್ನು ಸೇರಿಸಿ ನೆತ್ತಿಯ ಮೇಲೆ ಎತ್ತಿದಳು, ತೋಳು ಕಿವಿಗೆ ಹತ್ತಿದವು. ಹಾರಿದಳು. ಗುಳುಂ.

ಅಪ್ಪನ ಮುಖದಲ್ಲಿ, ಆ ಹಳೆಯ ಬಾವಿಯ ದಂಡೆಯ ಮೇಲೆ ನಾನು ಕಂಡಿದ್ದ ಆ ಬೆಳಕು ಬಂತು. ಅವನಿಗೆ ಏನೂ ಹೊಳೆದಿರಲಿಲ್ಲ. ಬರೇ ಸಂತೋಷವಾಗಿತ್ತು.

"ನಿನ ಮಗಳು ಗಂಗವ್ವಗ ನೆತ್ತಿ ಮ್ಯಾಲ ಕೈ ಮುಗೀತಾಳ," ಅಂದ. "ನಮಗಿಂತ ಛಲೋ ಮುಗೀತಾಳ. ನಿನ ತಮ್ಮ ನೋಡಿದ್ನೇನು ಇದನ್ನ?"

"ನೋಡಿದ್ದ."

"ಏನಂದ?"

ಮಗಳು ನೀರಿನ ನಡುವೆ ತಲೆ ಎತ್ತಿ, ಕೂದಲು ಹಿಂದಕ್ಕೆ ಒತ್ತಿಕೊಂಡು ನಮ್ಮನ್ನು ಹುಡುಕುತ್ತಿದ್ದಳು. ನಾನು ಅವಳಿಗೆ ಕೈ ಎತ್ತಿದೆ.

"ಛಲೋ ಹಾರ್ತಿ ಅಂದ," ಅಂದೆ. "ಇನ್ನೊಮ್ಮಿ ತೋರ್ಸು ಅಂದ."